ಕಾಲೇಜು ಕ್ರೀಡಾಂಗಣಕ್ಕೆ ಬರುವ ಮಕ್ಕಳ ಹೊಣೆ ಯಾರದು? ಸಂಸ್ಥೆಗಳಿಗೂ ಪೋಷಕರಿಗೂ ಒಂದು ಮಾರ್ಗದರ್ಶಿ

2001ರ ಫೆಬ್ರವರಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕಟ್ಟಡಕ್ಕೆ ರಾತ್ರಿ ಹೊತ್ತು ಹೋದ ಕಿರಿಯ ಸಹಾಯಕರೊಬ್ಬರು, ಶವರ್ ಕೋಣೆಯಲ್ಲಿ ಜೆರ್ರಿ ಸ್ಯಾಂಡಸ್ಕಿ ಒಬ್ಬ ಪುಟ್ಟ ಹುಡುಗನ ಜೊತೆ ಇದ್ದದ್ದನ್ನು ಕಂಡರು. ಸ್ಯಾಂಡಸ್ಕಿ ಅದೇ ತಂಡದಲ್ಲಿ ವರ್ಷಾನುಗಟ್ಟಲೆ ಸಹಾಯಕ ಕೋಚ್ ಆಗಿದ್ದು 1999ರಲ್ಲಿ ನಿವೃತ್ತನಾದವನು. ಕಂಡವರು ಮರುದಿನ ಮುಖ್ಯ ಕೋಚ್ ಜೋ ಪಟರ್ನೋಗೆ ಹೇಳಿದರು. ಪಟರ್ನೋ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್‌ಗೆ ಹೇಳಿದರು. ಅಲ್ಲಿಂದ ವಿಷಯ ಹಿರಿಯ ಉಪಾಧ್ಯಕ್ಷರಿಗೆ, ಕೊನೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರಿಗೂ ಮುಟ್ಟಿತು. ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸೋಣ ಎಂಬ ಮಾತು ಬಂದಿತ್ತು. ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟು, ಸ್ಯಾಂಡಸ್ಕಿಯನ್ನೇ ಕರೆದು "ಇನ್ನು ಹುಡುಗರನ್ನು ಇಲ್ಲಿಗೆ ಕರೆತರಬೇಡ" ಎನ್ನುವಲ್ಲಿಗೆ ಮುಗಿಸಿದರು. ಆ ಹುಡುಗ ಯಾರು, ಈಗ ಹೇಗಿದ್ದಾನೆ ಎಂದು ಒಬ್ಬರೂ ಹುಡುಕಲಿಲ್ಲ.

ಸ್ಯಾಂಡಸ್ಕಿಯ ಬಂಧನವಾದದ್ದು 2011ರ ನವೆಂಬರ್‌ನಲ್ಲಿ. 2012ರ ಜೂನ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ 45 ಆರೋಪಗಳು ಸಾಬೀತಾದವು. ನಡುವೆ ಕಳೆದ ಹತ್ತು ವರ್ಷಗಳಲ್ಲಿ ಇನ್ನೂ ಮಕ್ಕಳು ಅವನ ಕೈಗೆ ಸಿಕ್ಕಿದ್ದರು.

ಈ ಪ್ರಕರಣವನ್ನು ಓದುವಾಗ ನನ್ನನ್ನು ಅತಿ ಹೆಚ್ಚು ಕಾಡುವುದು ಒಂದು ಸಂಗತಿ. 2001ರ ಆ ಘಟನೆಯಲ್ಲಿ ಯಾರೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ಹೇಳಿದ್ದರು. ಸುದ್ದಿ ಮೆಟ್ಟಿಲು ಹತ್ತುತ್ತಾ ಹೋಯಿತು, ಆದರೆ ಕಟ್ಟಡದ ಬಾಗಿಲು ದಾಟಲಿಲ್ಲ. ಅಂದಿನ ಪೆನ್ಸಿಲ್ವೇನಿಯಾ ಕಾನೂನಿನಲ್ಲೂ ನೌಕರ ತನ್ನ ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿದರೆ ಸಾಕಿತ್ತು, ಹೊರಗೆ ತಿಳಿಸುವುದು ಮುಖ್ಯಸ್ಥರ ಕೆಲಸ. ಈ ಮಾರ್ಗದರ್ಶಿಯನ್ನು ಬರೆಯುತ್ತಿರುವುದು ಆ ಬಾಗಿಲನ್ನು ತೆರೆದಿಡುವುದು ಹೇಗೆ ಎಂದು ಹೇಳಲಿಕ್ಕೆ. ಅಮೆರಿಕದ ಕಾಲೇಜು ಕ್ರೀಡಾ ವಿಭಾಗಗಳಲ್ಲಿ ಕೆಲಸ ಮಾಡುವವರು, ಅಲ್ಲಿನ ಶಿಬಿರಗಳಿಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರು, ಇಂಥ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕೂರುವವರು, ಮೂವರಿಗೂ ಇದರಲ್ಲಿ ಕೆಲಸವಿದೆ.

ಹೆಜ್ಜೆ 1: ಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ಮೊದಲು ಲೆಕ್ಕ ಹಾಕಿ

"ನಮ್ಮದು ಕಾಲೇಜು, ಇಲ್ಲಿ ಎಲ್ಲರೂ ದೊಡ್ಡವರೇ" ಎಂಬ ಮಾತಿನಿಂದಲೇ ಎಡವಟ್ಟು ಶುರುವಾಗುತ್ತದೆ. ಒಂದು ಹಾಳೆ ತೆಗೆದುಕೊಂಡು ಕುಳಿತರೆ ಎಷ್ಟು ಮಕ್ಕಳು ಬಂದುಹೋಗುತ್ತಾರೆ ಎಂದು ಗೊತ್ತಾಗುತ್ತದೆ. ಬೇಸಿಗೆಯ ಕ್ರೀಡಾ ಶಿಬಿರಗಳು. ಆಯ್ಕೆಗೆಂದು ಕ್ಯಾಂಪಸ್ ನೋಡಲು ಬರುವ ಹೈಸ್ಕೂಲ್ ಆಟಗಾರರು. ಇನ್ನೂ 18 ತುಂಬದ ಮೊದಲ ವರ್ಷದ ವಿದ್ಯಾರ್ಥಿಗಳು. ಪಂದ್ಯದ ದಿನ ಚೆಂಡು ಎತ್ತಿಕೊಡುವ ಹುಡುಗ ಹುಡುಗಿಯರು. ಸಂಜೆ ಈಜುಕೊಳ, ಜಿಮ್ನಾಸ್ಟಿಕ್ಸ್ ಹಾಲ್ ಬಾಡಿಗೆಗೆ ಪಡೆಯುವ ಸ್ಥಳೀಯ ಕ್ಲಬ್‌ಗಳು. ಸ್ಪೋರ್ಟ್ಸ್ ಮೆಡಿಸಿನ್ ಕ್ಲಿನಿಕ್‌ಗೆ ಬರುವ ಹೊರಗಿನ ಬಾಲ ರೋಗಿಗಳು. ಸೇವಾ ಸಂಸ್ಥೆಗಳು ಕರೆತರುವ ಬಡ ಮಕ್ಕಳು.

ಕೊನೆಯದನ್ನು ಗಮನವಿಟ್ಟು ನೋಡಬೇಕು. ಸ್ಯಾಂಡಸ್ಕಿ 1977ರಲ್ಲಿ ಕಷ್ಟದಲ್ಲಿರುವ ಮಕ್ಕಳಿಗಾಗಿ ದಿ ಸೆಕೆಂಡ್ ಮೈಲ್ ಎಂಬ ಸಂಸ್ಥೆ ಕಟ್ಟಿದ್ದ. ಅವನ ಬಲಿಪಶುಗಳು ಸಿಕ್ಕಿದ್ದು ಅದರ ಮೂಲಕವೇ. ಮನೆಯಲ್ಲಿ ಕೇಳುವವರು ಕಡಿಮೆ ಇರುವ ಮಗುವಿಗೆ ದೊಡ್ಡ ತಂಡದ ಕೋಚ್ ಒಬ್ಬ ಪಂದ್ಯದ ಟಿಕೆಟ್, ಉಡುಗೊರೆ ಕೊಟ್ಟು, ಆಟಗಾರರ ಪರಿಚಯ ಮಾಡಿಸಿದರೆ ಆ ಮಗು ಏನನ್ನು ತಾನೇ ಹೇಳೀತು? ಹೇಳಿದರೂ ನಂಬುವವರು ಯಾರು?

ಪಟ್ಟಿಯ ಪ್ರತಿ ಸಾಲಿನ ಮುಂದೆ ಒಬ್ಬ ನೌಕರರ ಹೆಸರು ಬರೆಯಿರಿ. ಹೆಸರು ಬರೆಯಲಾಗದ ಸಾಲಿನಲ್ಲೇ ನಿಮ್ಮ ಅಪಾಯ ಇದೆ. ಬೇಸಿಗೆ ಶಿಬಿರಗಳ ವಿಷಯದಲ್ಲಿ ಇದು ಪದೇ ಪದೇ ಆಗುತ್ತದೆ. ಪೋಸ್ಟರ್‌ನಲ್ಲಿ ಕಾಲೇಜಿನ ಲಾಂಛನ ಇರುತ್ತದೆ, ಆದರೆ ಎಷ್ಟೋ ಕಡೆ ಶಿಬಿರ ನಡೆಸುವುದು ಕೋಚ್ ತನ್ನ ಹೆಸರಿನಲ್ಲಿ ಮಾಡಿಕೊಂಡ ಖಾಸಗಿ ಕಂಪನಿ, ಮೈದಾನ ಬಾಡಿಗೆಯದು. ಕಾಲೇಜು "ಶಿಬಿರ ನಮ್ಮದಲ್ಲ" ಎನ್ನುತ್ತದೆ, ಶಿಬಿರ "ಕಟ್ಟಡ ನಮ್ಮದಲ್ಲ" ಎನ್ನುತ್ತದೆ. ಬಾಡಿಗೆ ಕರಾರಿನಲ್ಲೇ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ತರಬೇತಿ, ದೂರಿನ ದಾರಿ, ಒಬ್ಬ ಹಿರಿಯರಿಗೆ ಎಷ್ಟು ಮಕ್ಕಳು ಎಂಬುದನ್ನೆಲ್ಲ ಬರೆದು, ಒಪ್ಪದವರಿಗೆ ಬೀಗದ ಕೈ ಕೊಡಬೇಡಿ.

ಹೆಜ್ಜೆ 2: ಕೀಲಿ ಮತ್ತು ಗೌರವ, ಎರಡನ್ನೂ ಬೇರೆ ಬೇರೆ ಇಡಿ

1998ರಲ್ಲೇ ಒಬ್ಬ ತಾಯಿ ತನ್ನ 11 ವರ್ಷದ ಮಗನ ಜೊತೆ ಸ್ಯಾಂಡಸ್ಕಿ ಸ್ನಾನ ಮಾಡಿದನೆಂದು ದೂರಿದ್ದರು. ಕ್ಯಾಂಪಸ್ ಪೊಲೀಸರು ವಿಚಾರಣೆ ನಡೆಸಿದರು, ಮೊಕದ್ದಮೆ ಹೂಡಲಿಲ್ಲ. ಮರುವರ್ಷ ಆತ ನಿವೃತ್ತನಾದಾಗ ವಿಶ್ವವಿದ್ಯಾಲಯ ಅವನಿಗೆ ಎಮೆರಿಟಸ್ ಎಂಬ, ನಿವೃತ್ತರಿಗೆ ಕೊಡುವ ಗೌರವ ಪದವಿ ಕೊಟ್ಟಿತು, ಕಚೇರಿ ಕೊಟ್ಟಿತು, ಲಾಕರ್ ರೂಮ್ ಮತ್ತು ವ್ಯಾಯಾಮ ಶಾಲೆ ಬಳಸಲು ಬಿಟ್ಟಿತು. 2001ರ ರಾತ್ರಿ ಅವನು ಬಾಗಿಲು ಒಡೆದು ಒಳಗೆ ಹೋಗಿರಲಿಲ್ಲ.

ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ ಇದೇ ಕಥೆ. ರಿಚರ್ಡ್ ಸ್ಟ್ರಾಸ್ ಎಂಬ ತಂಡದ ವೈದ್ಯ ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ನಡೆಸಿದ್ದನೆಂದು 2019ರ ತನಿಖಾ ವರದಿ ಹೇಳಿತು. 1996ರಲ್ಲಿ ಅವನನ್ನು ಆಟಗಾರರ ಚಿಕಿತ್ಸೆಯಿಂದ ತೆಗೆದಿದ್ದರು, ಆದರೆ ಅಧ್ಯಾಪಕನಾಗಿ ಇಟ್ಟುಕೊಂಡಿದ್ದರು. 1998ರಲ್ಲಿ ಆತನೂ ಎಮೆರಿಟಸ್ ಗೌರವ ಹೊತ್ತು ನಿವೃತ್ತನಾದ. ಅಲ್ಲಿ ಬಲಿಯಾದವರು ಹೆಚ್ಚಾಗಿ ವಯಸ್ಕ ವಿದ್ಯಾರ್ಥಿಗಳು, ಆದರೂ ಸಂಸ್ಥೆ ನಡೆದುಕೊಂಡ ಬಗೆ ಒಂದೇ.

ಮಾಡಬೇಕಾದದ್ದು ಸರಳ. ನಿವೃತ್ತರು, ಹಳೆಯ ಆಟಗಾರರು, ದಾನಿಗಳು, ಸ್ವಯಂಸೇವಕರು ಯಾರ ಬಳಿ ಯಾವ ಕೀಲಿ, ಯಾವ ಕಾರ್ಡ್ ಇದೆ ಎಂಬ ದಾಖಲೆಯನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ. ಈಗ ಕೆಲಸಕ್ಕೆ ಬೇಕಾದವರಿಗೆ ಮಾತ್ರ ಕಾರ್ಡ್ ಇರಲಿ. ಗೌರವ ಪದವಿ, ಕಟ್ಟಡಕ್ಕೆ ಹೆಸರು, ಸನ್ಮಾನ ಇವುಗಳಿಗೆ ಮೊದಲು ಆ ವ್ಯಕ್ತಿಯ ಮೇಲೆ ಬಂದಿದ್ದ ದೂರುಗಳ ಕಡತವನ್ನು ತೀರ್ಮಾನಿಸುವವರು ಕಣ್ಣಾರೆ ಓದಲಿ.

ಹೆಜ್ಜೆ 3: ಒಬ್ಬ ಹಿರಿಯ, ಒಂದು ಮಗು, ಮುಚ್ಚಿದ ಬಾಗಿಲು: ಈ ಮೂರು ಒಟ್ಟಿಗೆ ಸೇರದಿರಲಿ

ಅಮೆರಿಕದ ಒಲಿಂಪಿಕ್ ಕ್ರೀಡೆಗಳ ಮೇಲೆ ಕಣ್ಣಿಡಲು 2017ರಲ್ಲಿ ಡೆನ್ವರ್‌ನಲ್ಲಿ ಆರಂಭವಾದ ಸೇಫ್‌ಸ್ಪೋರ್ಟ್ ಕೇಂದ್ರದ ನಿಯಮಗಳಲ್ಲಿ ಒಂದು ಒಳ್ಳೆಯ ಅಳತೆಗೋಲಿದೆ. ಹಿರಿಯರು ಮಗುವಿನ ಜೊತೆಗಿರುವುದು ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು, ಯಾರಾದರೂ ನಡುವೆ ಬಂದು ತಡೆಯುವಷ್ಟು ಹತ್ತಿರದಲ್ಲಿರಬೇಕು. ಕಾಲೇಜು ತಂಡಗಳೆಲ್ಲ ಆ ಕೇಂದ್ರದ ಅಧಿಕಾರಕ್ಕೆ ಒಳಪಡುವುದಿಲ್ಲ. ಆದರೆ ನಿಯಮವನ್ನು ತಮ್ಮದಾಗಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೈದಾನ, ಬಸ್, ಹೋಟೆಲ್ ಕೋಣೆ, ಹಾಸ್ಟೆಲ್, ಶವರ್, ಮಸಾಜ್ ಟೇಬಲ್, ಮೊಬೈಲ್ ಸಂದೇಶ: ಒಂದೊಂದನ್ನೂ ಈ ಅಳತೆಗೋಲಿನಿಂದ ನೋಡುತ್ತಾ ಬನ್ನಿ. ಮಕ್ಕಳು ಶವರ್ ಬಳಸುವ ಹೊತ್ತಿಗೆ ವಯಸ್ಕರಿಗೆ ಬೇರೆ ಹೊತ್ತು. ಕೋಚ್ ಮಗುವಿಗೆ ಕಳಿಸುವ ಪ್ರತಿ ಸಂದೇಶಕ್ಕೂ ತಂದೆತಾಯಿ ಅಥವಾ ಇನ್ನೊಬ್ಬ ಸಿಬ್ಬಂದಿಯ ಪ್ರತಿ. ಒಬ್ಬನೇ ಮಗುವನ್ನು ಒಬ್ಬನೇ ಕೋಚ್ ಕಾರಿನಲ್ಲಿ ಮನೆಗೆ ಬಿಡುವ ಅಭ್ಯಾಸಕ್ಕೆ ಪೂರ್ಣವಿರಾಮ.

ವೈದ್ಯರ ಕೋಣೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ಹುಡುಗಿಯರ ಮೇಲೆ ದೌರ್ಜನ್ಯ ಮಾಡುವಾಗ ಎಷ್ಟೋ ಬಾರಿ ತಾಯಿ ಅದೇ ಕೋಣೆಯಲ್ಲಿ ಕುಳಿತಿದ್ದರು. ಅವನು ತನ್ನ ಮೈಯನ್ನೇ ಅಡ್ಡ ಮಾಡಿಕೊಂಡು, ಟವೆಲ್ ಹೊದಿಸಿ, ಮಾತಾಡುತ್ತಾ, ನೋಟ ಮರೆಮಾಡುತ್ತಿದ್ದ. ಆದ್ದರಿಂದ "ಜೊತೆಗೊಬ್ಬರು ಇರಲಿ" ಎಂದು ಬರೆದರೆ ಸಾಲದು. ಜೊತೆಗಿರುವವರು ವೈದ್ಯರ ಕೈ ಕಾಣುವ ಜಾಗದಲ್ಲಿ ನಿಲ್ಲಬೇಕು. ಯಾವ ಅಂಗವನ್ನು ಏಕೆ ಮುಟ್ಟಬೇಕಾಗಿದೆ ಎಂದು ವೈದ್ಯರು ಮೊದಲೇ ಮಗುವಿಗೂ ಪೋಷಕರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಗುಪ್ತಾಂಗದ ಹತ್ತಿರದ ಚಿಕಿತ್ಸೆ ಏನಿದ್ದರೂ ಬರಹದಲ್ಲಿ ಒಪ್ಪಿಗೆ, ಕೈಗೆ ಗ್ಲೌಸ್, ಕಡತದಲ್ಲಿ ದಾಖಲೆ. "ಬೇಡ" ಎನ್ನುವ ಮಗುವಿಗೆ ತಂಡದ ಜಾಗ ಹೋಗುವುದಿಲ್ಲ ಎಂಬುದನ್ನು ವೈದ್ಯರ ಬಾಯಿಂದಲ್ಲದೆ ಕೋಚ್ ಬಾಯಿಂದಲೂ ಹೇಳಿಸಿ.

ಹೆಜ್ಜೆ 4: ನೇಮಕದ ಮುನ್ನ

ಪೆನ್ಸಿಲ್ವೇನಿಯಾದಲ್ಲಿ ಈಗ ಮಕ್ಕಳೊಡನೆ ಕೆಲಸ ಮಾಡುವವರಿಗೆ ರಾಜ್ಯ ಪೊಲೀಸರ ಪರಿಶೀಲನೆ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆಯ ಪರಿಶೀಲನೆ, ಎಫ್‌ಬಿಐ ಬೆರಳಚ್ಚು ಪರಿಶೀಲನೆ ಎಂಬ ಮೂರು ಪ್ರಮಾಣಪತ್ರಗಳಿವೆ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾಡಿಸಿ. ಆದರೆ ಇದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಸ್ಯಾಂಡಸ್ಕಿಯಾಗಲಿ ನಾಸರ್ ಆಗಲಿ ಬಂಧನದ ಹಿಂದಿನ ದಿನ ಹುಡುಕಿದ್ದರೂ ಅವರ ಮೇಲೆ ಒಂದು ಶಿಕ್ಷೆಯೂ ಕಾಣುತ್ತಿರಲಿಲ್ಲ. ಹಿಂದೆ ಕೆಲಸ ಮಾಡಿದ ಕಡೆಗೆ ಫೋನ್ ಮಾಡಿ, "ಇವರನ್ನು ಮತ್ತೆ ಮಕ್ಕಳ ಜೊತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ನಿಮ್ಮಲ್ಲಿಂದ ಹೋಗುವವರ ಬಗ್ಗೆ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿದಾಗ ಸತ್ಯ ಹೇಳಿ.

ಹೆಜ್ಜೆ 5: ಹೊರಗೆ ಮೊದಲು, ಮೇಲೆ ಆಮೇಲೆ

ಇಡೀ ಲೇಖನದಲ್ಲಿ ಒಂದನ್ನೇ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

2014ರ ಕೊನೆಯ ದಿನದಿಂದ ಪೆನ್ಸಿಲ್ವೇನಿಯಾ ಕಾನೂನು ತಿರುಗಿತು. ಅನುಮಾನ ಬಂದ ವ್ಯಕ್ತಿಯೇ ತಕ್ಷಣ, ಮಕ್ಕಳ ಮೇಲಿನ ದೌರ್ಜನ್ಯದ ದೂರು ಪಡೆಯುವ ರಾಜ್ಯದ ಚೈಲ್ಡ್‌ಲೈನ್‌ಗೆ ತಿಳಿಸಬೇಕು, ಆಮೇಲೆ ಸಂಸ್ಥೆಯ ಮುಖ್ಯಸ್ಥರಿಗೆ. ಫೋನಿನಲ್ಲಿ ಹೇಳಿದರೆ 48 ಗಂಟೆಯೊಳಗೆ ಬರಹದಲ್ಲೂ ಕೊಡಬೇಕು. ಕಾಲೇಜು ನೌಕರರೂ ಕೋಚ್‌ಗಳೂ ಈ ಪಟ್ಟಿಯಲ್ಲಿದ್ದಾರೆ. ಅಮೆರಿಕದ ಪ್ರತಿ ರಾಜ್ಯದಲ್ಲೂ ಇಂಥ ಕಡ್ಡಾಯ ವರದಿಯ ಕಾನೂನು ಇದೆ. ಯಾರು ಹೇಳಬೇಕು ಎಂಬುದರಲ್ಲಿ ವ್ಯತ್ಯಾಸ ಉಂಟು. ಟೆಕ್ಸಾಸ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ಈ ಹೊಣೆ ಇದೆ. ನಿಮ್ಮ ರಾಜ್ಯದ ಕಾನೂನು ಏನೇ ಹೇಳಲಿ, ನಿಮ್ಮ ಸಂಸ್ಥೆಯ ನಿಯಮ ಪೆನ್ಸಿಲ್ವೇನಿಯಾದಂತೆಯೇ ಇರಲಿ: ಕಂಡವರು, ಕೇಳಿದವರು ತಾವೇ ಹೊರಗೆ ತಿಳಿಸಬೇಕು. ಇನ್ನೊಬ್ಬರ ಕೈಗೆ ಒಪ್ಪಿಸಿ ನಿರಾಳರಾಗುವಂತಿಲ್ಲ.

ಇದಕ್ಕೆ ಸಾಕ್ಷಿ ಬೇಕಿಲ್ಲ, ಸಕಾರಣ ಅನುಮಾನ ಸಾಕು. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ತನಿಖೆ ಮಾಡುವವರ ಕೆಲಸ. ಪ್ರಾಮಾಣಿಕವಾಗಿ ವರದಿ ಮಾಡಿದವರಿಗೆ, ಅನುಮಾನ ತಪ್ಪಾಗಿದ್ದರೂ, ಕಾನೂನಿನ ರಕ್ಷಣೆ ಇದೆ. ಇದನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ಹೇಳಿ. ಎಲ್ಲರಿಗೂ ಎಂದರೆ ಕಸ ಗುಡಿಸುವವರಿಗೂ. ಪೆನ್ ಸ್ಟೇಟ್‌ನಲ್ಲಿ 2000ದಲ್ಲೇ ಸ್ವಚ್ಛತಾ ಕೆಲಸಗಾರರೊಬ್ಬರು ಶವರ್‌ನಲ್ಲಿ ಸ್ಯಾಂಡಸ್ಕಿ ಒಬ್ಬ ಹುಡುಗನನ್ನು ಹಿಂಸಿಸುತ್ತಿದ್ದದ್ದನ್ನು ಕಂಡು ನಡುಗಿಹೋಗಿದ್ದರು. ಜೊತೆಗಾರರಿಗೆ ಹೇಳಿಕೊಂಡರು, ಅಷ್ಟಕ್ಕೇ ನಿಂತಿತು. ಫುಟ್‌ಬಾಲ್ ವಿಭಾಗದ ಮೇಲೆ ದೂರಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಆ ಹೆದರಿಕೆಗೆ ನಾನು ಅವರನ್ನು ದೂರಲಾರೆ. ಅಂಥ ಹೆದರಿಕೆ ಬೆಳೆಯಲು ಬಿಟ್ಟ ವಿಶ್ವವಿದ್ಯಾಲಯವನ್ನು ದೂರುತ್ತೇನೆ. ರಾತ್ರಿ ಪಾಳಿಯವರಿಗೆ ಅವರ ಭಾಷೆಯಲ್ಲಿ ತರಬೇತಿ ಕೊಡಿ, ದೂರವಾಣಿ ಸಂಖ್ಯೆಯನ್ನು ಪೊರಕೆ ಇಡುವ ಕೋಣೆಯ ಗೋಡೆಗೂ ಅಂಟಿಸಿ, ದೂರಿದವರ ವೇತನ, ಪಾಳಿ, ಬಡ್ತಿ ಮುಂದಿನ ಎರಡು ವರ್ಷ ಏನಾಯಿತು ಎಂದು ಮಾನವ ಸಂಪನ್ಮೂಲ ವಿಭಾಗ ಲೆಕ್ಕ ಇಡಲಿ.

ಕ್ಲೆರಿ ಕಾಯ್ದೆಯನ್ನೂ ಮರೆಯಬೇಡಿ. 1990ರ ಈ ಕಾನೂನಿನ ಪ್ರಕಾರ ಕಾಲೇಜುಗಳು ಕ್ಯಾಂಪಸ್ ಅಪರಾಧಗಳ ವಾರ್ಷಿಕ ಲೆಕ್ಕ ಪ್ರಕಟಿಸಬೇಕು, ಕೋಚ್‌ಗಳೂ ಅದಕ್ಕೆ ಮಾಹಿತಿ ಕೊಡಬೇಕಾದವರು. ಇದನ್ನು ಪಾಲಿಸದ್ದಕ್ಕೆ ಪೆನ್ ಸ್ಟೇಟ್‌ಗೆ 2016ರಲ್ಲಿ ಸುಮಾರು 24 ಲಕ್ಷ ಡಾಲರ್, ಮಿಷಿಗನ್ ಸ್ಟೇಟ್‌ಗೆ 2019ರಲ್ಲಿ 45 ಲಕ್ಷ ಡಾಲರ್ ದಂಡ ಬಿತ್ತು.

ಹೆಜ್ಜೆ 6: ಮಗು ನಿಮ್ಮೆದುರೇ ಬಾಯಿಬಿಟ್ಟರೆ

ಕೇಳಿಸಿಕೊಳ್ಳಿ. ಮುಖದಲ್ಲಿ ಗಾಬರಿ ತೋರಿಸಬೇಡಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ, ಆ ಮಾತನ್ನು ನೀವು ಮುರಿಯಲೇಬೇಕಾಗುತ್ತದೆ. "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪೇನೂ ಇಲ್ಲ, ನಿನ್ನನ್ನು ಕಾಪಾಡಬಲ್ಲವರಿಗೆ ನಾನು ತಿಳಿಸುತ್ತೇನೆ" ಎನ್ನಿ. ಬಿಡಿಬಿಡಿಯಾಗಿ ಕೆದಕಬೇಡಿ. ಮಗುವಿನ ಬಾಯಿಗೆ ಮಾತು ತುರುಕಿದರೆ ನಾಳೆ ನ್ಯಾಯಾಲಯದಲ್ಲಿ ಅದೇ ಮಗುವಿಗೆ ಮುಳುವಾಗುತ್ತದೆ. ಇಂಥ ಸಂದರ್ಶನಕ್ಕೆಂದೇ ತರಬೇತಿ ಪಡೆದವರಿರುವ ಮಕ್ಕಳ ಕೇಂದ್ರಗಳು ಅಮೆರಿಕದಲ್ಲಿ 1985ರಿಂದ ಇವೆ, ಮೊದಲನೆಯದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಶುರುವಾಯಿತು. ಮಗು ಆಡಿದ ಮಾತನ್ನು ಆಡಿದಂತೆಯೇ, ದಿನಾಂಕ ಗಂಟೆ ಸಹಿತ ಬರೆದಿಡಿ. ಫೋನ್ ಮಾಡಿ.

ಆರೋಪಿಯನ್ನು ಕರೆದು ವಿಚಾರಿಸುವ ಆಸೆ ಬರುತ್ತದೆ. ಅವನು ಗೆಳೆಯನಾಗಿದ್ದರೆ ಇನ್ನೂ ಹೆಚ್ಚು ಬರುತ್ತದೆ. ಬೇಡ. ಅವನಿಗೆ ಸುಳಿವು ಸಿಕ್ಕಿದ ಕೂಡಲೇ ಸಂದೇಶಗಳು ಅಳಿಯುತ್ತವೆ, ಮಗುವಿನ ಮೇಲೆ ಒತ್ತಡ ಬೀಳುತ್ತದೆ. ಪೆನ್ ಸ್ಟೇಟ್ ಅಧಿಕಾರಿಗಳು ಮೊದಲು ಅವನೊಡನೆ ಮಾತಾಡುವುದೇ ಮಾನವೀಯ ದಾರಿ ಎಂದು ತಮ್ಮತಮ್ಮಲ್ಲಿ ಬರೆದುಕೊಂಡಿದ್ದರು. ಆ ಮಾನವೀಯತೆ ಆ ಹುಡುಗನನ್ನು ಮುಟ್ಟಲಿಲ್ಲ.

ಹೆಜ್ಜೆ 7: ವಿಚಾರಣೆ ಸಂಸ್ಥೆಯವರದೇ ಕೈಯಲ್ಲಿ ಬೇಡ, ಷರತ್ತು ಹಾಳೆಯಲ್ಲೇ ಉಳಿಯುವುದು ಬೇಡ

2014ರಲ್ಲಿ ನಾಸರ್ ಮೇಲೆ ಒಬ್ಬ ಯುವತಿ ಮಿಷಿಗನ್ ಸ್ಟೇಟ್‌ಗೆ ದೂರು ಕೊಟ್ಟರು. ವಿಶ್ವವಿದ್ಯಾಲಯ ಅದು ಚಿಕಿತ್ಸೆಯೋ ದೌರ್ಜನ್ಯವೋ ಎಂದು ಕೇಳಿದ್ದು ಅದೇ ಸಂಸ್ಥೆಗೆ ಸೇರಿದ, ಅವನನ್ನು ಬಲ್ಲ ವೈದ್ಯಕೀಯ ಸಿಬ್ಬಂದಿಯನ್ನು. ಅವರು ಚಿಕಿತ್ಸೆ ಎಂದರು. ಪೊಲೀಸ್ ತನಿಖೆ ಇನ್ನೂ ಮುಗಿಯದೆ ಇರುವಾಗಲೇ ಆತ ರೋಗಿಗಳನ್ನು ನೋಡಲು ಮರಳಿದ. ಸೂಕ್ಷ್ಮ ಅಂಗಗಳ ಚಿಕಿತ್ಸೆಗೆ ಜೊತೆಗೊಬ್ಬರು ಇರಬೇಕು ಎಂಬಂಥ ಷರತ್ತುಗಳನ್ನು ಹಾಕಿದ್ದರು. ಪಾಲಿಸುತ್ತಿದ್ದಾನೆಯೇ ಎಂದು ನೋಡಬೇಕಾಗಿದ್ದ ಡೀನ್ ನೋಡಲಿಲ್ಲ. ಮುಂದೆ ಕರ್ತವ್ಯಲೋಪಕ್ಕಾಗಿ ಆ ಡೀನ್ ಮೇಲೂ ಅಪರಾಧ ಸಾಬೀತಾಯಿತು. 2018ರ ಜನವರಿಯಲ್ಲಿ ನಾಸರ್ ಶಿಕ್ಷೆಯ ವಿಚಾರಣೆಯಲ್ಲಿ ಏಳು ದಿನಗಳ ಕಾಲ 156 ಮಂದಿಯ ನೋವಿನ ಮಾತು ನ್ಯಾಯಾಲಯದಲ್ಲಿ ಕೇಳಿಬಂತು. ಕೆಲವರು ಆ 2014ರ ನಂತರ ಅವನ ಕೈಗೆ ಸಿಕ್ಕಿದವರು.

ಹಾಗಾಗಿ ತಜ್ಞರನ್ನು ಬೇರೆ ರಾಜ್ಯದಿಂದ ಕರೆಸಿ, ಆರೋಪಿಯ ಪರಿಚಯ ಇಲ್ಲವೆಂದು ಬರಹದಲ್ಲಿ ಪಡೆಯಿರಿ. ದೂರಿದವರಿಗೂ ಸಂಸ್ಥೆಗೂ ಒಂದೇ ವರದಿ ಕೊಡಿ. ತನಿಖೆ ಮುಗಿಯುವವರೆಗೆ ಆರೋಪಿ ಮಕ್ಕಳ ಹತ್ತಿರ ಸುಳಿಯದಿರಲಿ, ಅದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆ ಎಂದು ಮೊದಲೇ ಎಲ್ಲರ ಕರಾರಿನಲ್ಲಿ ಬರೆದಿಡಿ. ಷರತ್ತು ಹಾಕಿದ ದಿನವೇ ಅದನ್ನು ಯಾರು, ಯಾವ ದಿನ, ಹೇಗೆ ಪರೀಕ್ಷಿಸುತ್ತಾರೆ ಎಂದೂ ಬರೆಯಿರಿ. ಪರೀಕ್ಷಿಸಲಾಗದ ಷರತ್ತಿನ ಮೇಲೆ ಯಾರನ್ನೂ ಕೆಲಸಕ್ಕೆ ಮರಳಿಸಬೇಡಿ.

ಹೆಜ್ಜೆ 8: ಆಡಳಿತ ಮಂಡಳಿ ಕೇಳಬೇಕು

ಸುದ್ದಿ ತಾನಾಗಿ ಬರಲಿ ಎಂದು ಕಾಯುವ ಮಂಡಳಿಗೆ ಕೊನೆಗೆ ಪತ್ರಿಕೆಯಲ್ಲೇ ಓದುವ ಗತಿ. ವರ್ಷಕ್ಕೆ ಎರಡು ಸಭೆಗಳಲ್ಲಿ ಮಕ್ಕಳ ಸುರಕ್ಷತೆ ಕಾರ್ಯಸೂಚಿಯ ಮೊದಲಿಗಿರಲಿ. ಎಷ್ಟು ದೂರು ಬಂದವು, ಎಷ್ಟು ಗಂಟೆಯೊಳಗೆ ಹೊರಗೆ ಹೋದವು, ಯಾವ ಷರತ್ತು ಪರೀಕ್ಷೆಯಾಯಿತು ಎಂದು ಕೇಳಿ. ಒಂದೂ ದೂರು ಬಂದಿಲ್ಲ ಎಂಬ ಉತ್ತರಕ್ಕೆ ಖುಷಿಪಡುವ ಮೊದಲು ದೂರಿನ ದಾರಿ ತೆರೆದಿದೆಯೇ ಎಂದು ನೋಡಿ. ಮಕ್ಕಳ ಸುರಕ್ಷತೆಯ ಅಧಿಕಾರಿ ಅಥ್ಲೆಟಿಕ್ ಡೈರೆಕ್ಟರ್ ಕೈಕೆಳಗೆ ಇರಬಾರದು. ಗೆಲ್ಲುವ ತಂಡದ ವಿರುದ್ಧ ತನ್ನ ಸಂಬಳದ ಮಾಲೀಕನಿಗೇ ವರದಿ ಒಪ್ಪಿಸುವ ಸ್ಥಿತಿ ಯಾರಿಗೂ ಬೇಡ.

ಹಣದ ಭಾಷೆಯಷ್ಟೇ ತಿಳಿಯುವ ಸದಸ್ಯರಿದ್ದರೆ ಅದನ್ನೂ ಹೇಳಬಹುದು. ಮಿಷಿಗನ್ ಸ್ಟೇಟ್ 2018ರಲ್ಲಿ ಒಪ್ಪಿಕೊಂಡ ಪರಿಹಾರ 50 ಕೋಟಿ ಡಾಲರ್. ಪೆನ್ ಸ್ಟೇಟ್ ಬಲಿಪಶುಗಳಿಗೆ ಕೊಟ್ಟದ್ದು 10 ಕೋಟಿ ಡಾಲರ್ ದಾಟಿತು. 2001ರ ತೀರ್ಮಾನದಲ್ಲಿದ್ದ ಡೈರೆಕ್ಟರ್, ಉಪಾಧ್ಯಕ್ಷ, ಅಧ್ಯಕ್ಷ ಮೂವರೂ ಜೈಲು ಕಂಡರು.

ಮಗುವನ್ನು ಶಿಬಿರಕ್ಕೆ ಕಳಿಸುವ ಮುನ್ನ ತಂದೆತಾಯಿ ಕೇಳಬೇಕಾದದ್ದು

ಈ ಶಿಬಿರ ಕಾಲೇಜಿನದೋ, ಕೋಚ್‌ನ ಖಾಸಗಿಯದೋ? ರಾತ್ರಿ ಹಾಸ್ಟೆಲ್‌ನಲ್ಲಿ ಮಕ್ಕಳ ಜೊತೆ ಯಾರಿರುತ್ತಾರೆ? ಶವರ್‌ಗೆ ಯಾವ ಹೊತ್ತು? ಪೆಟ್ಟಾದರೆ ಯಾವ ವೈದ್ಯರು ನೋಡುತ್ತಾರೆ, ನನಗೆ ಯಾವಾಗ ಫೋನ್ ಮಾಡುತ್ತಾರೆ? ಮುನ್ಸೂಚನೆ ಕೊಡದೆ ನಾನು ಬಂದು ನೋಡಬಹುದೇ? ದೂರು ಇದ್ದರೆ ಶಿಬಿರದ ಹೊರಗೆ ಯಾರಿಗೆ ಹೇಳಬೇಕು? ಉತ್ತರ ತಡವರಿಸಿದರೆ, ಅಥವಾ ಕೇಳಿದ್ದಕ್ಕೇ ಮುನಿಸಿಕೊಂಡರೆ, ಹಣ ಕಟ್ಟಬೇಡಿ.

ಮನೆಯಲ್ಲೂ ಮಗುವಿಗೆ ಹೇಳಿಕೊಡಿ: ಕೋಚ್ ಆಗಲಿ ಡಾಕ್ಟರ್ ಆಗಲಿ "ಇದು ನಮ್ಮಿಬ್ಬರಲ್ಲೇ ಇರಲಿ" ಎಂದರೆ ಅಂದೇ ಮನೆಗೆ ಫೋನ್ ಮಾಡಬೇಕು, ಪಂದ್ಯದ ಹಿಂದಿನ ರಾತ್ರಿಯಾದರೂ ಸರಿ. ಅಮೆರಿಕದಲ್ಲಿ ಎಲ್ಲಿಂದ ಬೇಕಾದರೂ, ಹಗಲಿರುಳು, ಮಕ್ಕಳೂ ದೊಡ್ಡವರೂ ಕರೆಯಬಹುದಾದ ಚೈಲ್ಡ್‌ಹೆಲ್ಪ್ ಸಹಾಯವಾಣಿಯ ಸಂಖ್ಯೆ 1-800-422-4453. ಶಿಬಿರದ ಚೀಲ ಕಟ್ಟುವಾಗ ಅದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ, ತಕ್ಷಣದ ಅಪಾಯಕ್ಕೆ 911 ಎಂದೂ ಕೆಳಗೆ ಬರೆಯಿರಿ.